ಹಗೇವಿನ ದನಿಗೆ ಎಫೆಕ್ಟ್ ಇರಲಿಲ್ಲ

ಕಲಬುರಗಿಯ ಶಹಾಬಜಾರಿನ ಒಂದು ಗಾದಿ ಅಂಗಡಿಯ ಮೇಲೆ ಆ ಸ್ಟುಡಿಯೋ ಇತ್ತು. ಕೆಳಗಿನ ಅಂಗಡಿಯ ಹಳೆಯ ಗಾದಿಗಳನ್ನೇ ಗೋಡೆಗಳಿಗೆ ಮೊಳೆ ಹೊಡೆದು ನಿಲ್ಲಿಸಿದ್ದರು. ಭಜನೆ, ಮದುವೆ ಹಾಡು, ಚುನಾವಣೆಯ ಕೂಗು ಎಲ್ಲವೂ ಅಲ್ಲಿ ರೆಕಾರ್ಡ್ ಆಗುತ್ತಿದ್ದವು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಮಾಲೀಕ ಟೇಪಿನ ಯಂತ್ರವನ್ನು ಮೂಲೆಗೆ ತಳ್ಳಿ ಕಂಪ್ಯೂಟರ್ ತಂದಿದ್ದ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಮೂರು ಕೆಲಸ ಹಿಡಿದು ಮೂರನ್ನೂ ಬಿಟ್ಟಿದ್ದ ನನ್ನನ್ನು ಅದರ ಮುಂದೆ ಕೂರಿಸಿದ್ದ.

ಸಾಫ್ಟ್‌ವೇರಿನಲ್ಲಿ ಎಫೆಕ್ಟುಗಳ ಪಟ್ಟಿ ಇತ್ತು: ಸಭಾಂಗಣ, ಚರ್ಚು, ಕಣಿವೆ, ಸ್ನಾನದ ಮನೆ. ಒತ್ತಿದರೆ ಹಾಡಿದವನ ದನಿ ಆ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. ಎಲ್ಲವೂ ದನಿಯನ್ನು ಹಿಗ್ಗಿಸುವವೇ. ದನಿಯ ಸುತ್ತಲಿನ ಗಾಳಿಯನ್ನು ಕಿತ್ತುಕೊಳ್ಳುವಂಥದ್ದು ಒಂದೂ ಇರಲಿಲ್ಲ. ಇವನ್ನು ಮಾಡಿದವರು ಕೇಳಲು ಹಿತವಾದ ಜಾಗಗಳಿಗೆ ಮಾತ್ರ ಹೋಗಿಬಂದವರು ಎಂದು ನನಗೆ ಸಿಟ್ಟು ಬರುತ್ತಿತ್ತು. ನನಗೆ ಬೇಕಾಗಿದ್ದುದು ಹಗೇವಿನ ದನಿ.

ಹಗೇವು ಎಂದರೆ ನಮ್ಮ ಕಡೆ ಜೋಳ ತುಂಬಿಡುವ ನೆಲದೊಳಗಿನ ಕುಳಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಕಮಲಾಪುರದಲ್ಲಿ ನಮ್ಮ ಕಾಕಾನ ಮನೆಯ ಮುಂದೆ ಒಂದಿತ್ತು. ತೆರೆದ ದಿನವೇ ಯಾರೂ ಇಳಿಯುತ್ತಿರಲಿಲ್ಲ. ಮರುದಿನ ಕಂದೀಲು ಇಳಿಬಿಟ್ಟು, ಅದು ಉರಿಯುತ್ತಿದ್ದರೆ ಮಾತ್ರ ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬೇಕು. ಇಳಿದವನು ಬುಟ್ಟಿಗೆ ಜೋಳ ತುಂಬುತ್ತ ಹಾಡುತ್ತಲೇ ಇರಬೇಕು. ಹಾಡು ನಿಂತರೆ ಮೇಲಿದ್ದವನು ಮಂದಿಯನ್ನು ಕರೆದು ಹಗ್ಗ ಎಳೆಯಬೇಕು.

ಎಂಬತ್ತರ ದಶಕದ ಒಂದು ಬೇಸಿಗೆ, ಪಿಯುಸಿ ಪರೀಕ್ಷೆ ಮುಗಿಸಿ ಹೋದಾಗ, ಮೇಲೆ ಕೂತವನು ನಾನು. ಇಳಿದವನು ಕಾಕಾ. ಊರಿನ ಭಜನೆಯಲ್ಲಿ ಮೊದಲ ದನಿ ಅವನದೇ. ಕಂದೀಲು ಚೆನ್ನಾಗಿಯೇ ಉರಿದಿತ್ತು. ನಾಲ್ಕೋ ಐದೋ ಬುಟ್ಟಿ ಬಂದವು. ಆಮೇಲೆ ಬರಲಿಲ್ಲ. ಕಾಕಿ ಹೊರಗೆ ಬಂದಳು. ಅವಳ ಕೈಯಲ್ಲಿ ಚಹಾ ಇತ್ತೆಂದು ನನ್ನ ನೆನಪು, ಬರಿಗೈಯಲ್ಲಿ ಬಂದಿದ್ದೆ ಎಂದು ಅವಳು ಹೇಳುತ್ತಾಳೆ.

"ಬುಟ್ಟಿ ಯಾಕ ಬರವಲ್ದು?"

"ಬರ್ತದ ತಗೋ. ಕಾಕಾ ಹಾಡಾಕತ್ತಾನಲ್ಲ."

ಅವಳು ಹಗೇವಿನ ಬಾಯಿಗೆ ಕಿವಿ ಕೊಟ್ಟಳು. "ಎಲ್ಲಿ ಹಾಡಾಕತ್ತಾನೋ?"

ಮಂದಿ ಸೇರಿ ಎಳೆದರು. ಜೀವ ಉಳಿಯಿತು. ತಳದ ಜೋಳ ಕೆದಕಿದಾಗ ಕೆಟ್ಟ ಗಾಳಿ ಎದ್ದಿರಬೇಕು ಎಂದರು. ಆದರೆ ಆ ದಿನದಿಂದ ಕಾಕಾನ ಕೈ ನಡುಗುತ್ತದೆ, ಮಾತು ನಿಧಾನವಾಯಿತು, ಒಂದು ಸಾಲನ್ನೂ ಅವನು ಕೊನೆತನಕ ಹಾಡಲಾರ. ಬೇಗ ಎಳೆದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಯಾರೂ ನನ್ನ ಎದುರಿಗೆ ಎರಡನೇ ಸಲ ಆಡಲಿಲ್ಲ.

ನಾನು ತಡಮಾಡಿದೆನೇ? ಇದೊಂದೇ ಪ್ರಶ್ನೆ. ಹಾಡು ನಿಂತದ್ದು ನನಗೆ ಕೇಳಿಸಲೇ ಇಲ್ಲ. ನನ್ನ ನೆನಪಿನಲ್ಲಿ ಅದು ನಡೆಯುತ್ತಲೇ ಇತ್ತು. ದಪ್ಪಗೆ, ಮುಚ್ಚಿದಂತೆ, ಮಾತಿನ ಅಂಚುಗಳೆಲ್ಲ ಸವೆದು. ವಿಶ್ವವಿದ್ಯಾಲಯಕ್ಕೆ ಹೋಗಿ ಧ್ವನಿಯ ಪಾಠ ಓದಿದಾಗ ಹೆದರಿಕೆ ಹೆಚ್ಚಿತು. ಜೋಳ ಮತ್ತು ಹಗೇವಿನ ಗೋಡೆಗೆ ಒತ್ತಿದ ಹುಲ್ಲು ಸದ್ದನ್ನು ಹೀರಿಬಿಡುತ್ತವೆ. ಹಾಡು ನಿಂತ ಮೇಲೆ ಹಗೇವಿನಲ್ಲಿ ಪ್ರತಿಧ್ವನಿ ಉಳಿಯುವುದಿಲ್ಲ. ಹಾಗಾದರೆ ನಾನು ಕೇಳಿದ್ದೇನು? ಏನೂ ಕೇಳದೆ, ತಪ್ಪು ಮುಚ್ಚಿಕೊಳ್ಳಲು ಆಮೇಲೆ ಹುಟ್ಟಿಸಿಕೊಂಡ ನೆನಪೇ? ಆ ದನಿಯನ್ನು ಒಮ್ಮೆ ತಯಾರಿಸಿ ಕಾಕಾನಿಗೆ ಕೇಳಿಸಿದರೆ, ಅಂಥದ್ದು ನಿಜಕ್ಕೂ ಇತ್ತೋ ಇಲ್ಲವೋ ಗೊತ್ತಾಗುತ್ತದೆ ಎಂದುಕೊಂಡೆ.

ಒಂದು ಹಳೆಯ ಭಜನೆಯ ಕ್ಯಾಸೆಟ್ಟಿನಲ್ಲಿ ಕಾಕಾನ ದನಿ ಇತ್ತು, ಆ ದಿನ ಹಗೇವಿನಲ್ಲಿ ಹಾಡಿದ ಅದೇ ಹಾಡು. ಅದನ್ನು ಕಂಪ್ಯೂಟರಿಗೆ ಇಳಿಸಿ ತಿಂಗಳುಗಟ್ಟಲೆ ತಿರುಚಿದೆ. ಸಭಾಂಗಣ ಹಾಕಿದರೆ ಕಾಕಾ ದೇವರಾಗುತ್ತಿದ್ದ. ಮೇಲಿನ ಸ್ವರ ಕತ್ತರಿಸಿದರೆ ನೆಗಡಿಯಾದವನಾಗುತ್ತಿದ್ದ.

"ಏನ್ ಮಾಡಾಕತ್ತೀರಿ ಸರ್?" ಮಾಲೀಕ ಹಿಂದೆ ನಿಂತು ನಗುತ್ತಿದ್ದ. "ಗಿರಾಕಿ ಎಕೋ ಕೇಳ್ತಾರ, ನೀವು ಗೋರಿ ಕಟ್ಟಾಕತ್ತೀರಿ."

"ಗೋರಿ ಎಫೆಕ್ಟ್ ಇದರಾಗ ಇಲ್ಲಲ್ರಿ, ಅದೇ ತಕರಾರು."

"ಕಂಪನಿಗೆ ಕಾಗದ ಬರೀರಿ. ಕಲಬುರಗ್ಯಾಗ ಒಬ್ಬರಿಗೆ ಮಾತ್ರ ಬೇಕಾಗ್ಯದ ಅಂತ."

ನಿಜಕ್ಕೂ ಬರೆದೆ. ಉತ್ತರ ಬರಲಿಲ್ಲ. ಬಾವಿ, ಕೊಪ್ಪರಿಗೆ, ಗಾದಿಯ ರಾಶಿ, ಹೂತ ಬಾಯಿ, ಇಂಥ ಒರಟು ಜಾಗಗಳ ಎಫೆಕ್ಟುಗಳು ಸಾಫ್ಟ್‌ವೇರಿನಲ್ಲಿ ಇರಬೇಕೆಂದು ಈಗಲೂ ವಾದಿಸುತ್ತೇನೆ. ಮನುಷ್ಯ ಕೇಳಿಸಿಕೊಂಡದ್ದೆಲ್ಲ ಸಭಾಂಗಣದಲ್ಲಿ ಆದದ್ದಲ್ಲ.

ಕೊನೆಗೆ ಒಂದು ಮಧ್ಯಾಹ್ನ ಸಭಾಂಗಣದ ಅನುರಣನವನ್ನು ಸೇರಿಸುವ ಬದಲು ಮೂಲ ದನಿಯಿಂದ ಕಳೆದೆ. ಕಳೆದದ್ದನ್ನು ತುಸು ನಿಧಾನ ಮಾಡಿದೆ. ಹೆಡ್‌ಫೋನಿನಲ್ಲಿ ಬಂದದ್ದು ಆ ದಿನದ ಅದೇ ದನಿ. ಕಿವಿಯಿಂದ ಕಿತ್ತು ಮೇಜಿನ ಮೇಲಿಟ್ಟೆ. ಅಲ್ಲೂ ಅದು ಸಣ್ಣಗೆ ಹಾಡುತ್ತಿತ್ತು.

ಮುಂದಿನ ವಾರ ಕಾಕಾ ಸೇಡಂ ರಸ್ತೆಯ ಆಸ್ಪತ್ರೆಗೆ ಕೈ ತೋರಿಸಲು ಬಂದಿದ್ದ. ಅಲ್ಲಿಂದ ಸ್ಟುಡಿಯೋಗೆ ಕರೆತಂದು, ನಡುಗುವ ಕೈಯಿಂದ ಅವನು ಚಹಾ ಕುಡಿದು ಮುಗಿಸುವವರೆಗೆ ಕಾದು, ಹೆಡ್‌ಫೋನ್ ಹಾಕಿದೆ. ಅವನು ಕಣ್ಣು ಮುಚ್ಚಿದ. ಒಂದು ಸಾಲು ಮುಗಿಯುವಷ್ಟರಲ್ಲಿ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದ.

"ತಗಿ ತಮ್ಮಾ. ತಗಿ."

ತೆಗೆದೆ. "ಕಾಕಾ, ಅವತ್ತು ನಿನ್ನ ದನಿ ನನಗ ಹಿಂಗ ಕೇಳಸ್ತಿತ್ತು. ಎಳಿಯೂ ತನಕ ಕೇಳಸ್ತಿತ್ತು."

ಅವನು ಒಂದೊಂದೇ ಮಾತು ಹುಡುಕಿ ಆಡಿದ. "ನನ್ನ ದನಿ ಅಲ್ಲ. ನಂದು ಆಗ್ಲೇ ನಿಂತಿತ್ತು. ಒಳಗಿದ್ದಾಂವಗ ಮ್ಯಾಲಿನ ದನಿ ಹಿಂಗ ಬರ್ತದ. ನೀ ಹಾಡ್ತಿದ್ದಿ."

"ನಾನಾ?"

"ನನ್ನ ಸಂಗಾಟ ದನಿಗೂಡ್ಸಿದ್ದಿ. ನಾ ನಿಂತ ಮ್ಯಾಗೂ ಬಿಡ್ಲಿಲ್ಲ. ಮ್ಯಾಲ ಕುಂತಾಂವ ಹಾಡಬಾರದೋ, ಅದಕ್ಕ ಹೇಳ್ತಿದ್ರು ಹಿರ್ಯಾರು."

"ನಿನಗ ಎಚ್ಚರ ಎಲ್ಲಿತ್ತು ಕಾಕಾ?"

"ಎಚ್ಚರ ತಪ್ಪೂಕಿಂತ ಮೊದಲಿಂದು ಹೇಳಾಕತ್ತೀನಿ. ಎರಡು ಸಲ ಹಗ್ಗ ಜಗ್ಗೀನಿ. ನೀ ಇನ್ನಾ ಜೋರ್ ಹಾಡ್ದಿ." ಆಮೇಲೆ ನನ್ನ ಮುಖ ನೋಡಿ, ಸಮಾಧಾನ ಹೇಳುವವನಂತೆ ಅಂದ, "ಛಲೋ ಹಾಡ್ತಿದ್ದಿ ಬಿಡು."

ಅವನನ್ನು ಬಸ್ಸಿಗೆ ಹತ್ತಿಸಿ ಬಂದೆ. ಹಗ್ಗ ಅಲುಗಿದ್ದು ನನಗೆ ನೆನಪಿಲ್ಲ. ಉಸಿರು ಕಟ್ಟುತ್ತಿದ್ದವನ ಮಿದುಳು ಏನನ್ನಾದರೂ ಕಟ್ಟಬಲ್ಲದು ಎಂದು ನಾನು ಓದಿದ್ದೇನೆ. ಆ ಹಾಡು ನನಗೆ ಬರುವುದೂ ಇಲ್ಲ, ಹೀಗೆಂದು ಎಲ್ಲರಿಗೂ ಹೇಳುತ್ತ ಬಂದವನು ನಾನು.

ಎರಡು ದಿನ ಬಿಟ್ಟು ಮೈಕಿನ ಮುಂದೆ ನಿಂತೆ. ಮಾಲೀಕ ಗಾಜಿನ ಆಚೆ ಕೂತಿದ್ದ.

"ರೆಕಾರ್ಡ್ ಚಾಲೂ ಅದರಿ ಸರ್. ನಾಚ್ಕಿ ಬ್ಯಾಡ, ಹಾಡ್ರಿ."

ಬಾಯಿ ತೆರೆದೆ. ಮೊದಲ ಸಾಲು ತಾನಾಗಿ ಬಂತು. ಎರಡನೆಯದೂ ಬಂತು. ಪಲ್ಲವಿಗೆ ತಿರುಗುವಲ್ಲಿ ಕಾಕಾ ಕೊಡುತ್ತಿದ್ದ ಸಣ್ಣ ಕೊಂಕು ಸಹ ತಪ್ಪಲಿಲ್ಲ. ತಿಂಗಳುಗಟ್ಟಲೆ ಆ ಕ್ಯಾಸೆಟ್ಟನ್ನೇ ಕೇಳಿದವನಿಗೆ ಹಾಡು ಬಾರದಿರುತ್ತದೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಹಾಡುತ್ತಿದ್ದೆ. ಗಾಜಿನ ಆಚೆ ಮಾಲೀಕ ಕೈ ಎತ್ತಿ ಸಾಕು ಎಂದ. ಮತ್ತೊಮ್ಮೆ ಎತ್ತಿದ. ನಾನು ನೋಡುತ್ತಿದ್ದೆ, ಆದರೂ ಅದು ನನಗೆಂದು ತಿಳಿಯಲಿಲ್ಲ. ಕೊನೆಗೆ ಅವನು ಬಾಗಿಲು ತೆರೆದು ಒಳಗೆ ಬಂದು ಭುಜ ಹಿಡಿದ.

"ಸರ್, ಎಷ್ಟೊತ್ತಿಂದ ನಿಲ್ಲಸ್ರಿ ಅಂತೀನಿ. ಕೇಳಸ್ಲಿಲ್ಲೇನ್ರಿ?"