ಕುಂಕುಮ ಅರಗಿಸಿಕೊಂಡ ಲಿನಕ್ಸ್

ಇವತ್ತು ಲಾಫ್ಟ್ ಗುಡಿಸುವಾಗ ಹಳೆಯ ಕಂಪ್ಯೂಟರ್ ಫ್ಲಾಪಿಯೊಂದು ಕೈಗೆ ಸಿಕ್ಕಿತು. ಈಗಿನ ಮಕ್ಕಳಿಗೆ ಬೀಸಣಿಗೆ ಎಂದು ಕೊಟ್ಟರೂ ನಂಬಿಯಾರು, ಅಷ್ಟು ತೆಳು, ಅಷ್ಟು ಅಗಲ. ಅದರ ಕಾಗದದ ಚೀಲದೊಳಗೆ ಕೆಂಪು ಕಲೆ. ನೋಡಿದ್ದೇ ತಡ, ಒಬ್ಬನೇ ನಗತೊಡಗಿದೆ.

ತೊಂಬತ್ತರ ದಶಕದ ಆರಂಭ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕೆಳಗೆ ನಟ್ಟು-ಬೋಲ್ಟಿನ ಕಾರ್ಖಾನೆ, ಮೇಲೆ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸು. ಯಜಮಾನರು ಮೈಸೂರಿನ ರಾಯರು. ಪಕ್ಕದ ಕುರ್ಚಿಯಲ್ಲಿ ಗದಗಿನ ಪಾಟೀಲ. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಆಗಷ್ಟೇ ಬಂದಿತ್ತು. ಸಾರು ಒಂದೇ ಆದರೂ ಮನೆಗೊಂದು ಪುಡಿ ಇರುತ್ತದಲ್ಲ, ಹಾಗೆ ಲಿನಕ್ಸ್ ಒಂದೇ ಆದರೂ ಅದನ್ನು ಹೊಂದಿಸಿ ಕೊಡುವವರು ಹಲವರು. ನನ್ನ ಬಳಿ ಒಬ್ಬರ ಕಟ್ಟು, ಪಾಟೀಲನ ಬಳಿ ಇನ್ನೊಬ್ಬರದು, ತಲಾ ಎರಡು ಡಜನ್ ಫ್ಲಾಪಿ. ಪ್ರೋಗ್ರಾಂ ಬರೆಯಲು ಯಾವುದು ಮೇಲೆಂದು ಲೋಕಲ್ ರೈಲಿನಲ್ಲಿ ನೇತಾಡಿಕೊಂಡೇ ಜಗಳವಾಡುತ್ತಿದ್ದೆವು. ಎರಡನ್ನೂ ಒಮ್ಮೆಯಾದರೂ ನಡೆಸಿ ನೋಡಿದ್ದಿರಾ ಎಂದು ಮಾತ್ರ ಕೇಳಬೇಡಿ.

ರಾಯರಿಗೆ ಸಾಕಾಯಿತು. ದಸರೆ ಕಳೆದ ಮೇಲೆ ಇಬ್ಬರೂ ಹಾಕಿ ತೋರಿಸಿ, ಯಾರದು ನಡೆಯುತ್ತದೋ ಅವರಿಗೆ ಆಫೀಸಿನ ಒಂದೇ ಒಂದು ಹೊಸ ಕಂಪ್ಯೂಟರ್ ಎಂದರು. ಆ ಯಂತ್ರಕ್ಕಾಗಿ ನಾನು ಪಾಟೀಲನ ಸ್ನೇಹವನ್ನೂ ಬಿಡಲು ತಯಾರಿದ್ದೆ. ಹೇಳಲು ನಾಚಿಕೆ, ಆದರೆ ನಿಜ.

ಆಯುಧಪೂಜೆಯ ದಿನ ಕುಂಕುಮ ಹಚ್ಚುವ ಕೆಲಸ ನನಗೆ ಬಿತ್ತು. ಫ್ಲಾಪಿಯೂ ಆಯುಧವೇ ತಾನೆ? ಚೀಲದಿಂದ ಒಂದೊಂದೇ ತೆಗೆದು ಹಣೆ ಎಲ್ಲಿ ಎಂದು ಹುಡುಕಿದೆ. ಒಂದು ಅಂಚಿನ ಬಳಿ ಉದ್ದನೆಯ ಕಿಂಡಿ, ಒಳಗೆ ಮಿರುಗುವ ತಟ್ಟೆ. ಎರಡೂ ಕಟ್ಟಿಗೆ ಭೇದವಿಲ್ಲದೆ ಅಲ್ಲೇ ಬೊಟ್ಟಿಟ್ಟೆ. ಕಂಪ್ಯೂಟರ್ ಓದುವುದು ಆ ಕಿಂಡಿಯಿಂದಲೇ ಎಂಬುದು ಭಕ್ತಿಯ ಭರದಲ್ಲಿ ಮರೆತುಹೋಗಿತ್ತು.

ರಜೆ ಮುಗಿದು ಪರೀಕ್ಷೆ ನಡೆಯಿತು. ಗಡಿಬಿಡಿಯಲ್ಲಿ ಕಿಂಡಿಯತ್ತ ನೋಡದೆಯೇ ತುರುಕಿದರೂ ನನ್ನ ಕಟ್ಟು ಸಲೀಸಾಗಿ ಒಳಹೋಯಿತು. ಪಾಟೀಲನದು ಹದಿಮೂರನೆಯ ಫ್ಲಾಪಿಗೆ ಗೊರಗೊರ ಎಂದು ನಿಂತಿತು. ರಾಯರು ತೆಗೆದು ನೋಡಿದರೆ ಕಿಂಡಿಯ ತುಂಬ ಕುಂಕುಮ. ಪೂಜೆಗೆ ಹೇಳಿದವರು ತಾವೇ ಆದ್ದರಿಂದ ಅವರು ಬೈಯುವಂತಿರಲಿಲ್ಲ. ನಾನು ಮಾತ್ರ, ನನ್ನ ಲಿನಕ್ಸ್ ಕುಂಕುಮವನ್ನೂ ಅರಗಿಸಿಕೊಳ್ಳುತ್ತದೆ ಎಂದು ಹೊಸ ಕಂಪ್ಯೂಟರಿನ ಮುಂದೆ ಕೂತು ಬೀಗಿದೆ. ಸಿಕ್ಕವರಿಗೆಲ್ಲ ಅದನ್ನೇ ಹಾಕಿಕೊಳ್ಳಿ ಎಂದು ವರ್ಷಗಟ್ಟಲೆ ಉಪದೇಶಿಸಿದೆ.

ನಗು ತಡೆಯದೆ ಪಾಟೀಲನಿಗೆ ಫೋನ್ ಮಾಡಿ ಇದನ್ನೆಲ್ಲ ನೆನಪಿಸಿದೆ.

"ಅರೆ ಯಾರ್, ಅವತ್ತು ಪರೀಕ್ಷೆ ದಿನ ಮುಂಜಾನೆ ಲಗೂನ ಬಂದು ನಿನ್ನ ಫ್ಲಾಪಿ ಎಲ್ಲಾ ಒರಸಿದಾಂವ ನಾನ," ಎಂದ. "ನನ್ನವು ಹನ್ನೆರಡು ಒರಸೋದ್ರಾಗ ರಾಯರು ಬಂದ್ರು. ಪೂಜಿ ಕುಂಕುಮ ಅವರ ಎದುರಿಗೆ ಹೆಂಗ ಒರಸ್ಲಿ?"

ನನ್ನ ನಗು ನಿಂತಿತು. ಮೊದಲು ನಿನ್ನವನ್ನೇ ಒರೆಸಬಹುದಿತ್ತಲ್ಲೋ ಎಂದೆ.

"ನೀ ಸೋತ್ರ ನನ್ನ ಕೂಡ ಮಾತು ಬಿಡಾಂವ. ಕಂಪ್ಯೂಟರ್ ಏನು, ಇನ್ನೊಂದು ಬರತಿತ್ತು."

ನನಗೆ ಮತ್ತೆ ನಗು ಉಕ್ಕಿತು. ಮಲಾಡಿನಲ್ಲೇ ಇದ್ದೀಯಲ್ಲ, ಈಗಲೇ ಬರುತ್ತೇನೆ ಎಂದವನೇ, ಲಾಫ್ಟಿನ ಧೂಳು ಮೆತ್ತಿದ ಅಂಗಿಯಲ್ಲೇ ಮೆಟ್ಟಿಲಿಳಿದೆ.