ಮೂರನೆಯ ಕಂಬಿಯ ಹತ್ತಿರದ ಗಂಟು

ನನ್ನ ಗಂಡ ಎವೆಲಿಯೊನ ಬಾಯಲ್ಲಿ ಸದಾ ಮೊಳೆ. ಕಾರಿನ ಒಳಚಾವಣಿಗೆ ಬಟ್ಟೆ ಹೊಡೆಯುವಾಗ ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆಗೆ ಮೂರನೆಯ ಕೈ ಎಲ್ಲಿಂದ ತರುವುದು? ಹಾಗಾಗಿ ಸಣ್ಣ ಮೊಳೆಗಳನ್ನು ಬಾಯಿಗೆ ತುಂಬಿಕೊಂಡು ನಾಲಗೆಯಿಂದ ಒಂದೊಂದೇ ತುಟಿಗೆ ತಳ್ಳುತ್ತಾನೆ. ಆ ಹೊತ್ತಿನಲ್ಲಿ ಏನು ಕೇಳಿದರೂ ತಲೆ ಆಡಿಸುವುದೇ ಉತ್ತರ. ಮದುವೆಯಾದ ಹೊಸದರಲ್ಲಿ ನಮ್ಮಮ್ಮ ಇವನ ಕೆಲಸ ನೋಡಲು ಬಂದು, ಅಳಿಯ ಮೂಗ ಎಂದು ತಿಳಿದು ಅತ್ತೇ ಬಿಟ್ಟಿದ್ದಳು.

ಹವಾನಾದ ಲಾಟನ್ ಕೇರಿಯಲ್ಲಿ, ಇಳಿಜಾರು ಶುರುವಾಗುವಲ್ಲೇ ನಮ್ಮ ಮನೆ. ಮುಂದಿನ ಜಗಲಿಯೇ ಅಂಗಡಿ. ಮೊದಲು ಅವನು ಬಸ್ಸಿನ ಕಾರ್ಖಾನೆಯಲ್ಲಿ ಸೀಟು ಹೊಲಿಯುತ್ತಿದ್ದ. ಅದು ಮುಚ್ಚಿದ ಮೇಲೆ ಈ ಹಳೆಯ ಅಮೆರಿಕನ್ ಕಾರುಗಳೇ ನಮಗೆ ಅನ್ನ ಹಾಕಿದವು. ಹೊಲಿಗೆ ಯಂತ್ರ ನನ್ನದು, ಸುತ್ತಿಗೆ ಅವನದು. ಚಾವಣಿಯ ಅಡ್ಡಕ್ಕೆ ಬಾಗಿದ ಕಂಬಿಗಳಿರುತ್ತವೆ. ಲಂಗಕ್ಕೆ ಲಾಡಿ ತೂರಿಸಲು ಪಟ್ಟಿ ಹೊಲಿಯುತ್ತೇವಲ್ಲ, ಹಾಗೆ ನಾನು ಬಟ್ಟೆಗೆ ಪಟ್ಟಿ ಹೊಲಿದು ಕೊಡುತ್ತೇನೆ; ಅವನು ಅದರಲ್ಲಿ ಕಂಬಿ ತೂರಿಸಿ, ಮೇಲೆ ಸಿಕ್ಕಿಸಿ, ಸುತ್ತಲೂ ಮೊಳೆ ಹೊಡೆಯುತ್ತಾನೆ. ಅವನು ಹೊಡೆದ ಚಾವಣಿಯಲ್ಲಿ ಒಂದು ಸುಕ್ಕು ತೋರಿಸಿ ನೋಡೋಣ!

ಒಂದು ವಿಷಯ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ನಮ್ಮ ಕೇರಿಯಲ್ಲಿ ಸಂತರಿಗೆ, ಅಂದರೆ ನಮ್ಮ ದೇವತೆಗಳಿಗೆ, ನಡೆದುಕೊಳ್ಳದ ಮನೆಯಿಲ್ಲ. ಅವರ ಪೂಜೆಯ ತಮಟೆ ಕೇಳಿದರೆ ಇವನು ಧಡಾರನೆ ಕಿಟಕಿ ಮುಚ್ಚುತ್ತಿದ್ದ. ಅವರಪ್ಪ ಕೆಮ್ಮು ಬಂದಾಗ ಡಾಕ್ಟರ ಹತ್ತಿರ ಹೋಗದೆ ಸಂತರಿಗೆ ಹುಂಜ ಕೊಯ್ಯಿಸಿ ಕೊಯ್ಯಿಸಿಯೇ ಸತ್ತನಂತೆ. ಆ ಸಿಟ್ಟು ಇವನ ಹೊಟ್ಟೆಯಲ್ಲಿ ಕೂತಿತ್ತು. ನಾನೂ ಸುಮ್ಮನಿದ್ದೆ.

ಹಿಂದಿನ ಬೀದಿಯ ಯೊಸ್ವಾನಿ ಟ್ಯಾಕ್ಸಿ ಓಡಿಸುತ್ತಾನೆ, ಐವತ್ತೆರಡನೇ ಇಸವಿಯ ಹಸಿರು ಕಾರು. ಕಳೆದ ನವೆಂಬರ್ ಕೊನೆಯಲ್ಲಿ ಅದನ್ನು ತಂದು ಜಗಲಿಗೆ ಆನಿಸಿ ನಿಲ್ಲಿಸಿದ.

"ಅಕ್ಕಾ, ಮಾಮನಿಗೆ ಹೇಳಿ ನನ್ನ ಕೆಲಸ ಮೊದ್ಲು ಮಾಡಿಸು. ಚಾವಣಿ ಬಟ್ಟೆ ಜೋತುಬಿದ್ದು ಹೆಂಗಸರ ಜಡೆ ಎಲ್ಲಾ ಕೆಡ್ತಾ ಇದೆ. ನಿನ್ನೆ ಒಬ್ಬಳು, 'ಇದೇನಪ್ಪಾ, ಟ್ಯಾಕ್ಸಿನಾ ಸೊಳ್ಳೆಪರದೆನಾ' ಅಂದ್ಲು!"

"ನಿನ್ನ ಮೋರೆಗೆ ಸೊಳ್ಳೆಪರದೆನೇ ಸರಿ," ಎಂದೆ. ಆದರೂ ಮುಚ್ಚಿಹೋದ ಚಿತ್ರಮಂದಿರದಿಂದ ಸಿಕ್ಕಿದ್ದ ಬೂದು ಪರದೆ ಬಟ್ಟೆಯನ್ನು ಅವನಿಗಾಗಿಯೇ ಒಗೆದು ಒಣಗಿಸಿದೆ. ಅವನ ತಾಯಿ ಎಮೆಲಿನಾ ಸಂತರ ಸೇವೆ ಮಾಡುತ್ತಿದ್ದವಳು, ಕೇರಿಗೆಲ್ಲ ಬೇಕಾದವಳು. ಅವಳು ಸತ್ತು ಆಗಿನ್ನೂ ವರ್ಷ ತುಂಬಿರಲಿಲ್ಲ.

ಮುಂದಿನದು ನನಗೆ ಆಮೇಲೆ ಗೊತ್ತಾದದ್ದು. ಹಳೆಯ ಬಟ್ಟೆ ಬಿಚ್ಚಿದಾಗ ಧೂಳು, ಜಿರಳೆ ರೆಕ್ಕೆ, ಇಲಿಗೂಡು ಎಲ್ಲ ಎವೆಲಿಯೊನ ತಲೆಯ ಮೇಲೆ ಸುರಿಯಿತು. ಮೂರನೆಯ ಕಂಬಿಯ ಹತ್ತಿರ ಮುಷ್ಟಿಗಾತ್ರದ ಒಂದು ಬಟ್ಟೆಯ ಗಂಟು. ಕೆಂಪು ದಾರ, ಕಪ್ಪು ದಾರ ಹೊಸೆದು ಸುತ್ತಿದ್ದು. ದಾರಿ ಕಾಯುವ ಸಂತ ಎಲೆಗ್ವಾನ ಬಣ್ಣ ಅದು, ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಮಗ ಮೊದಲ ಸಲ ಕಾರು ಹತ್ತಿದ ದಿನ ಎಮೆಲಿನಾ ಕಟ್ಟಿದ ರಕ್ಷೆ. ಇವನು ಅದನ್ನು ಕೈಯಲ್ಲಿ ಹಿಡಿದು ನೋಡಿದ. "ಇನ್ನೊಂದು ಇಲಿಗೂಡು" ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡ. ಹಿತ್ತಲಲ್ಲಿ ಕಸ ಉರಿಯುತ್ತಿತ್ತು, ಅದಕ್ಕೆ ಎಸೆದ.

ಮಾರನೆಯ ದಿನ ಮೊಳೆ ಹೊಡೆಯುತ್ತಿದ್ದಾಗ ಯೊಸ್ವಾನಿ ಕಾಫಿ ಹಿಡಿದು ಬಂದ. ಅದನ್ನು ನಾನೇ ಕಣ್ಣಾರೆ ನೋಡಿದೆ.

"ಮಾಮ, ಅಮ್ಮ ಕಟ್ಟಿಟ್ಟದ್ದು ಸಿಕ್ತಲ್ಲ? ಮೂರನೇ ಕಂಬಿ ಹತ್ರ? ಮತ್ತೆ ಅಲ್ಲೇ ಇಟ್ಟಿದ್ದೀಯ ತಾನೆ?"

ಎವೆಲಿಯೊನ ಬಾಯ ತುಂಬ ಮೊಳೆ. ಹ್ಞೂಂ ಎಂಬಂತೆ ತಲೆ ಆಡಿಸಿದ. ಹುಡುಗ ಕಾಫಿ ಲೋಟ ಇಟ್ಟು, ಶಿಳ್ಳೆ ಹಾಕುತ್ತ ಹೋದ.

ವಾರ ಕಳೆದ ಮೇಲೆ ನಾವಿಬ್ಬರೂ ಪೇಟೆಗೆ ಹೋಗಲು ಅದೇ ಕಾರು ಹತ್ತಿದೆವು. ಯೊಸ್ವಾನಿಯ ಮಗಳು ಲಿಯಾನಿಸ್ ಮುಂದೆ ಕೂತಿದ್ದಳು. ದಿನಾ ಶಾಲೆಗೆ ಬಿಡುವುದು ಹಾಗೆಯೇ. ಹೊಸ ಚಾವಣಿ ತಮಟೆಯ ಚರ್ಮದಂತೆ ಬಿಗಿಯಾಗಿತ್ತು. ನನಗೋ ಹೆಮ್ಮೆ. ಇಳಿಜಾರಿನಲ್ಲಿ ಎದುರಿಗೆ ಬಸ್ಸು ನಿಂತಿತ್ತು. ಯೊಸ್ವಾನಿ ಬ್ರೇಕು ತುಳಿದ, ಮತ್ತೆ ತುಳಿದ, ಕಾರು ನಿಲ್ಲಲೊಲ್ಲದು. ಬ್ರೇಕಿನ ಎಣ್ಣೆ ಸಿಗದೆ ಅವನು ಶಾಂಪೂ ನೀರು ತುಂಬಿಸಿಕೊಂಡು ಓಡಿಸುತ್ತಿದ್ದ. ಕೊನೆಗೆ ಬಸ್ಸಿಗೂ ಗೋಡೆಗೂ ನಡುವೆ ನುಗ್ಗಿಸಿದ. ನಾನು ಕಿರುಚಿಕೊಂಡೆ. ಅವನು ನಗುತ್ತ ಕೈಯೆತ್ತಿ ಚಾವಣಿ ತಟ್ಟಿದ.

"ಹೆದರ್ಬೇಡಿ! ಅಮ್ಮ ಮೇಲೇ ಇದ್ದಾಳೆ."

ಆ ಮಗುವೂ ಸೀಟಿನ ಮೇಲೆ ನಿಂತು ತಟ್ಟಿ, "ಅಜ್ಜಿ ಇದ್ದಾಳೆ!" ಎಂದಳು. ಪಕ್ಕದಲ್ಲಿ ನನ್ನ ಗಂಡನ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು.

ಮನೆಗೆ ಬಂದವನು ಬಡಿಸಿದ ಅನ್ನ, ಕರಿ ಬೀನ್ಸ್ ಕಾಳು ಮುಟ್ಟಲಿಲ್ಲ. "ಏನಾಯ್ತು ಮುದುಕಾ? ಬೊಗಳು," ಎಂದೆ. ಬೊಗಳಿದ. ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು.

"ಎಮೆಲಿನಾ ಕಟ್ಟಿದ್ದನ್ನ ಕಸದ ಬೆಂಕಿಗೆ ಹಾಕಿದ್ಯಾ? ಹಾಕಿ, ಆ ಹುಡುಗನಿಗೆ ಸುಳ್ಳು ಹೇಳಿದ್ಯಾ?"

"ನಾನು ಒಂದು ಮಾತೂ ಆಡ್ಲಿಲ್ಲ ಮುದುಕಿ. ಬಾಯಲ್ಲಿ ಮೊಳೆ ಇತ್ತು."

"ಬಾಯಲ್ಲಿ ಮೊಳೆ ಇತ್ತು, ಸರಿ. ತಲೇಲಿ ಏನಿತ್ತು?"

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ: "ಅದ್ರಲ್ಲಿ ಏನೂ ಶಕ್ತಿ ಇಲ್ಲ ಅಂತ ನಂಗೆ ಗೊತ್ತು. ಇವತ್ತೂ ಹಾಗೇ ಅಂತೀನಿ. ಆದ್ರೆ ಅದು ಅಲ್ಲಿದೆ ಅಂತ ನಂಬ್ಕೊಂಡು ಅವ್ನು ಬ್ರೇಕಿಲ್ಲದ ಕಾರಲ್ಲಿ ಮಗೂನ ಕೂರಿಸ್ಕೊಂಡು ಇಳೀತಾನೆ. ಅದಕ್ಕೆ ತಲೆ ಆಡಿಸಿದೋನು ನಾನು." ಹೇಳುತ್ತ ಹೇಳುತ್ತ ಅತ್ತ. ಅಪ್ಪ ಸತ್ತಾಗಲೂ ಅಳದವನು.

"ಹಾಗಾದ್ರೆ ಹೋಗಿ ಹೇಳು," ಎಂದೆ.

ಹೇಳಬೇಕಲ್ಲ! ಅದರ ಬದಲು ಅಂಗಡಿಯ ಕೆಲಸ ಬಿಟ್ಟು ಬ್ರೇಕಿನ ಸಾಮಾನು ಹುಡುಕುತ್ತ ಅಲೆದ. ಗ್ವಾನಬಕೋವಾದ ಒಬ್ಬ ಗೆಳೆಯನ ಕೈಕಾಲು ಹಿಡಿದು, ಅದೇ ಅಳತೆಯದನ್ನು ಎಣ್ಣೆಯ ಸಮೇತ ತಂದ. ಕೊಟ್ಟುಬಿಟ್ಟರೆ ಪಾಪ ತೊಳೆದುಹೋಗುತ್ತದೆ ಎಂದುಕೊಂಡನೋ ಏನೋ. ಯೊಸ್ವಾನಿ ತಬ್ಬಿಕೊಂಡು ಮುತ್ತಿಟ್ಟ.

"ಮಾಮ, ನೀನು ದೇವರಂಥವ್ನು! ಆದ್ರೆ ಈಗ ಕಾರು ನಿಲ್ಸಕ್ಕಾಗಲ್ಲ, ಹಬ್ಬದ ಕಾಲ, ಜನ ಮುಗಿಬೀಳ್ತಾರೆ. ಡಿಕ್ಕೀಲಿ ಇರ್ಲಿ. ಅಲ್ಲೀತನಕ ಅಮ್ಮ ನೋಡ್ಕೋತಾಳೆ."

ಆ ಮುತ್ತು ಇವನಿಗೆ ಕೆನ್ನೆಗೆ ಹೊಡೆದಂತಾಗಿರಬೇಕು. ಮಾರನೆಯ ಬೆಳಿಗ್ಗೆ ಶಾಲೆಯ ಹೊತ್ತಿಗೆ ಇಳಿಜಾರಿನ ತಲೆಯಲ್ಲಿ, ನಡುರಸ್ತೆಯಲ್ಲಿ ಹೋಗಿ ನಿಂತ. ನಾನು ಏಪ್ರನ್ನಿನಲ್ಲೇ ಹಿಂದೆ ಓಡಿದೆ. ಹಸಿರು ಕಾರು ತೆವಳುತ್ತ ಬಂದು ಅವನ ಮೊಣಕಾಲಿಗೆ ತಾಗಿ ನಿಂತಿತು.

"ಏನ್ ಮಾಮ, ಸಾಯಕ್ಕೆ ನನ್ ಕಾರೇ ಬೇಕಾ?"

"ಮೇಲೆ ಏನೂ ಇಲ್ಲ ಮಗಾ. ನಾನು ಸುಟ್ಟುಬಿಟ್ಟೆ. ಅದು ಏನು ಅಂತ ಗೊತ್ತಿದ್ದೇ ಸುಟ್ಟೆ. ಗೊತ್ತಿದ್ದೇ ತಲೆ ಆಡಿಸ್ದೆ."

ಯೊಸ್ವಾನಿ ಮೊದಲು ನಕ್ಕ. ಆಮೇಲೆ ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ. ಅವನು ಸ್ಟೀರಿಂಗ್ ಪಕ್ಕದ ಡ್ರಾಯರಿನಿಂದ ಚಾಕು ತೆಗೆದು, ಮೂರನೆಯ ಕಂಬಿಯ ಹತ್ತಿರ ಚಾವಣಿಗೆ ಚುಚ್ಚಿ ಸರ್ರನೆ ಸೀಳಿದ. ಒಳಗೆ ಕೈ ಹಾಕಿ ತಡಕಾಡಿದ. ಬರೀ ತಗಡು.

"ಅಜ್ಜಿ ಎಲ್ಲಿ ಪಪ್ಪಾ?" ಎಂದಳು ಲಿಯಾನಿಸ್.

ಅವನು ಮಗಳನ್ನು ಇಳಿಸಿಕೊಂಡ, ಕಾರನ್ನು ಅಲ್ಲೇ ಬಿಟ್ಟ, ಕೈ ಹಿಡಿದು ನಡೆಸಿಕೊಂಡು ಇಳಿಜಾರು ಇಳಿದ. ನನ್ನ ಗಂಡನ ಪಕ್ಕದಲ್ಲೇ ಹಾದುಹೋದರೂ ಅವನತ್ತ ನೋಡಲಿಲ್ಲ.

ಡಿಕ್ಕಿಯಲ್ಲಿದ್ದ ಬ್ರೇಕಿನ ಸಾಮಾನನ್ನು ಅದೇ ವಾರ ಹಾಕಿಸಿದನಂತೆ. ಈಗ ಇಳಿಜಾರಿನಲ್ಲಿ ಎತ್ತಿನ ಗಾಡಿಯ ಹಾಗೆ ಇಳಿಯುತ್ತಾನೆ, ಹಿಂದಿನವರು ಹಾರನ್ ಹೊಡೆದು ಬೈದರೂ ಕೇಳುವುದಿಲ್ಲ. ಚಾವಣಿಯ ಸೀಳು ಮಾತ್ರ ಹಾಗೇ ಇದೆ; ಅಂಚು ಜೋತುಬಿದ್ದು ಮತ್ತೆ ಹೆಂಗಸರ ಜಡೆಗೆ ಸಿಕ್ಕುತ್ತದೆ. ಒಂದು ದಿನ ಎವೆಲಿಯೊ ಧೈರ್ಯ ಮಾಡಿ ಕಾರಿನ ಕಿಟಕಿಗೆ ಬಗ್ಗಿ ಕೇಳಿದ.

"ಹೊಲ್ದು ಕೊಡ್ತೀನಿ ಮಗಾ. ಗೊತ್ತೇ ಆಗ್ದಂಗೆ ಹೊಲೀತೀನಿ."

"ಬೇಡ. ತಲೆ ಮೇಲೆ ಏನೂ ಇಲ್ಲ ಅಂತ ಕಾಣ್ತಾ ಇರ್ಲಿ," ಎಂದ ಯೊಸ್ವಾನಿ, ಎದುರಿನ ರಸ್ತೆಯನ್ನೇ ನೋಡುತ್ತ. "ಆಗ ಕಾಲು ಬ್ರೇಕ್ ಮೇಲೇ ಇರತ್ತೆ."

ನನ್ನ ಗಂಡ ಸರಿ ಎಂದು ತಲೆ ಆಡಿಸಲೂ ಹೆದರಿ, ಬಾಯಿಬಿಟ್ಟು "ಸರಿ" ಎಂದ. ಆವತ್ತಿನಿಂದ ಬೂದು ದಾರ ಪೋಣಿಸಿದ ಬಾಗು ಸೂಜಿಯೊಂದು ಅವನ ಶರ್ಟಿನ ಜೇಬಿನಲ್ಲೇ ಇರುತ್ತದೆ, ಹುಡುಗ ಯಾವತ್ತಾದರೂ ಹ್ಞೂಂ ಅಂದರೆ ಎಂದು. ಬಟ್ಟೆ ಒಗೆಯುವಾಗ ಅದು ನನ್ನ ಬೆರಳಿಗೆ ಚುಚ್ಚುತ್ತದೆ. ಬಾಯಿಗೆ ಬಂದಂತೆ ಬೈಯುತ್ತೇನೆ, ಶರ್ಟು ಒಣಗಿದ ಮೇಲೆ ಮತ್ತೆ ಅದೇ ಜೇಬಿಗೆ ಸಿಕ್ಕಿಸಿ ಇಡುತ್ತೇನೆ.