ಅಂಗೈ ತೇವವಾಗುವವರೆಗೆ

ಮಹಡಿ ಕಟ್ಟಿಸಲೆಂದು ಕಳೆದ ವಾರ ಹಳೆಯ ಮೆಟ್ಟಿಲಿನ ಗೋಡೆ ಒಡೆಸಿದೆವು. ಉದುರಿದ ಗಾರೆಯಲ್ಲಿ ಉಗುರಿನಷ್ಟು ಸಣ್ಣ ಕಪ್ಪೆಚಿಪ್ಪೊಂದು ಸಿಕ್ಕಿತು. ಎತ್ತಿಕೊಂಡವಳು ಅಲ್ಲೇ ಕುಳಿತುಬಿಟ್ಟೆ. ಹೊಳೆಯ ಮರಳಿನ ಜೊತೆ ಬಂದದ್ದು ಅದು... ಮರಳಿನ ಗಾಡಿ ಅಜ್ಜ ತಂದ ಮರಳು.

ನಾನು ನೀರಿಗೆ ಬರವಿರುವ ಸೊಕ್ಕೆಯ ಕಡೆಯವಳು. ಮದುವೆಯಾಗಿ ಹೊನ್ನಾಳಿಗೆ ಬಂದಾಗ ಕಣ್ಣೆದುರು ಹೊಳೆ ಇರುವುದೇ ನನಗೆ ದೊಡ್ಡ ಸಿರಿ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಮರಳಿನಲ್ಲಿ ಮೊಣಕೈಯುದ್ದ ಗುಂಡಿ ತೋಡಿದರೆ ಸಾಕು, ತಿಳಿಯಾದ ಒರತೆ ನೀರು. ನಮ್ಮ ಕೇರಿಯವರೆಲ್ಲ ಕುಡಿಯುತ್ತಿದ್ದದ್ದು ಅದನ್ನೇ. ಅದರ ರುಚಿ ಹೇಳಿದರೆ ತವರಿನವರು ನಂಬುತ್ತಿರಲಿಲ್ಲ.

ಈ ಮನೆ ಕಟ್ಟುವಾಗ ಮರಳು ಹೊಡೆಯುತ್ತಿದ್ದವರು ಊರವರೆಲ್ಲ ಅಜ್ಜ ಎನ್ನುತ್ತಿದ್ದ ಅವರೇ, ಎತ್ತಿನ ಗಾಡಿಯಲ್ಲಿ. ಅವರದೊಂದು ಪದ್ಧತಿ. ತೋಡುತ್ತಾ ತೋಡುತ್ತಾ ಗುಂಡಿಯೊಳಗೆ ಅಂಗೈ ಊರಿ ನೋಡುವರು. ತೇವ ತಗುಲಿತೋ, ಅದರ ಕೆಳಗಿನದು ಒರತೆಯ ಪಾಲೆಂದು ಸಲಿಕೆ ಎತ್ತಿ, ಸುತ್ತಲಿನ ಮರಳೆಳೆದು ಗುಂಡಿ ಮುಚ್ಚಿ, ಬೇರೆ ಕಡೆ ಹೋಗುವರು. ಮರಳಿನಿಂದಲೇ ಮೂರು ಹೆಣ್ಣುಮಕ್ಕಳ ಮದುವೆ ಮಾಡಿದ ಮನುಷ್ಯ. ಮರಳು ಮುಟ್ಟಲೇಬೇಡಿ ಎಂದವರಲ್ಲ. ಜರಡಿಯಲ್ಲಿ ಉಳಿದ ಚಿಪ್ಪುಗಳನ್ನು ಬಸುರಿಯಾಗಿದ್ದ ನನ್ನ ಸೆರಗಿಗೆ ಹಾಕಿ, "ಹುಟ್ಟೋ ಕೂಸಿಗೆ ಆಡಾಕೆ" ಎನ್ನುತ್ತಿದ್ದರು.

ಕೂಸನ್ನು ಹೊಸ ಮನೆಗೇ ತರಬೇಕೆಂಬ ಹಟ ನನ್ನದು. ಅಜ್ಜನ ಗಾಡಿ ನೆಚ್ಚಿಕೊಂಡರೆ ಕೂಸು ಶಾಲೆಗೆ ಹೋಗುವ ಹೊತ್ತಿಗೆ ಮನೆಯಾದೀತು ಎಂದು ಗಂಡನ ತಲೆ ತಿಂದೆ. ಟ್ರ್ಯಾಕ್ಟರ್ ಬಂತು. ದಡಕ್ಕೆ ಹತ್ತಿರವೆಂದು ಒರತೆಯ ಜಾಗಕ್ಕೇ ಇಳಿಯಿತು...

ಅಜ್ಜ ಜಗಳಕ್ಕೆ ಬರಲಿಲ್ಲ. ಬಾಗಿಲಲ್ಲಿ ನಿಂತು, "ಯವ್ವಾ, ಮನಿ ಏಳಬೇಕು, ಬ್ಯಾಡ ಅನ್ನಲ್ಲ. ಆ ಮನ್ಯಾಗೆ ಕುಡಿಯಾಕೆ ನೀರೂ ಇರಬೇಕಲ್ಲ?" ಎಂದರು.

"ಹೊಳಿ ಅಷ್ಟು ದೊಡ್ಡದೈತಲ್ಲ, ಅಜ್ಜಾ" ಎಂದೆ. ಒಂದು ಕೊಡ ನೀರಿಗೆ ಊರಾಚೆ ನಡೆದು ಬೆಳೆದವಳು ಆಡುವ ಮಾತೇ ಅದು! ಈಗಲೂ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಗೃಹಪ್ರವೇಶದ ದಿನ ಅಜ್ಜ ಹೆಗಲ ಮೇಲೆ ಕೊಡ ಹೊತ್ತು ಬಂದರು. ಆಚೆ ದಡದ ಬಳಿ ಹೊಸದಾಗಿ ಒರತೆ ತೋಡಿ ತುಂಬಿಸಿದ್ದರಂತೆ. "ಮೊದಲ್ನೇ ಅಡಿಗಿ ಇದ್ರಾಗೆ ಮಾಡ್ರಿ" ಎಂದರು. ಒಂದೇ ಒಂದು ಕೊಂಕು ಮಾತಿಲ್ಲ. ನನಗೆ ತಲೆಯೆತ್ತಲಾಗಲಿಲ್ಲ.

ಮರುಬೇಸಿಗೆ ನಮ್ಮ ಕೇರಿಯವರು ತೋಡಿದಲ್ಲೆಲ್ಲ ಮರಳಿಲ್ಲ, ಒರತೆಯಿಲ್ಲ, ಬರೀ ಜೇಡಿಮಣ್ಣು. ಕೊಳವೆಬಾವಿಯ ನೀರು ಕುಡಿದೇ ಮಗಳು ಬೆಳೆದಳು. ಅಜ್ಜ ಎತ್ತು ಮಾರಿದ ಮೇಲೂ ಅವಳನ್ನು ನೋಡಲು ಬರುತ್ತಿದ್ದರು, ಚಿಪ್ಪು ಎಣಿಸಿ ಆಡಿಸುತ್ತಿದ್ದರು. ತಪ್ಪಾಯಿತೆಂದು ಒಂದು ಮಾತು ಹೇಳಬೇಕೆಂದುಕೊಳ್ಳುತ್ತಲೇ ಇದ್ದೆ. ಅಷ್ಟರಲ್ಲಿ ಅವರು ಹೋಗಿಬಿಟ್ಟರು...

ಈಗ ಮಹಡಿ ಕಟ್ಟಿಸುತ್ತಿರುವವಳು ಅದೇ ಮಗಳು. ಗೇಟಿನ ಬಳಿ ಎಂ-ಸ್ಯಾಂಡ್ ರಾಶಿ ಬಿದ್ದಿದೆ, ಕಲ್ಲು ಅರೆದು ಮಾಡಿದ ಮರಳು. ಯಾವ ಗುಡ್ಡ ಪುಡಿಯಾಗಿ ಬಂತೋ. ನಿನ್ನೆ ಅದರೊಳಗೆ ಮೊಣಕೈವರೆಗೆ ಕೈ ತೂರಿಸಿ ಅಂಗೈ ಊರಿದೆ. ಒಣಗಿದ ಪುಡಿ, ಅಷ್ಟೇ.

"ಏನ್ ಹುಡುಕ್ತಿದೀಯಮ್ಮಾ?" ಎಂದಳು ಮಗಳು.

ಚಿಪ್ಪನ್ನು ಅವಳ ಕೈಗಿಟ್ಟೆ. "ಇದು ನಿಂದೇ, ತಗೋ" ಎಂದೆ. ಅದರ ಜೊತೆಗಿದ್ದ ನೀರನ್ನು ಎಲ್ಲಿಂದ ತಂದು ಕೊಡಲಿ?